ಹೊರಟವರನ್ನು ಎಲ್ಲಿಗೆಂದು ಕೇಳಬಾರದು

ಗುರೆಳ್ಳು, ಅಂದರೆ ಹುಚ್ಚೆಳ್ಳು, ಹುರಿಯುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಹಂಚಿಗೆ ಬಿದ್ದ ಸ್ವಲ್ಪ ಹೊತ್ತು ಅದು ಏನೂ ಅನ್ನುವುದಿಲ್ಲ. ಆಮೇಲೆ ಚಟಪಟ ಶುರುವಾಯಿತೆಂದರೆ ಓಣಿಯ ತುದಿಯವರೆಗೂ ಸುದ್ದಿ ಹೋಗುತ್ತದೆ, ಈ ಮನೆಯವರು ಯಾರೋ ಊರಿಗೆ ಹೊರಟಿದ್ದಾರೆ, ಬುತ್ತಿ ಕಟ್ಟುತ್ತಿದ್ದಾರೆ ಎಂದು. ಮೊನ್ನೆ ಕುಷ್ಟಗಿಯ ನಮ್ಮ ಮನೆಯಲ್ಲಿ ನಾನು ಗುರೆಳ್ಳು ಹುರಿಯುತ್ತಿದ್ದೆ. ಹುರಿಯುತ್ತ ಹುರಿಯುತ್ತ ಹಳೆಯ ನೆನಪೊಂದು ಎದ್ದು ಕೂತಿತು. ಪುಡಿ ಕುಟ್ಟಿ ಡಬ್ಬಿಗೆ ತುಂಬಿದರೂ ಅದು ಹೋಗಲಿಲ್ಲ.

ಹೊರಟವಳು ನನ್ನ ಅಕ್ಕನ ಮಗಳು ಸುಮಾ. ಕೊಪ್ಪಳದ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದಾಳೆ. ಜೊತೆಯ ಹುಡುಗಿಯರೊಂದಿಗೆ ರಜೆ ಹಾಕಿ ಗೋವಾಕ್ಕೆ, ಸಮುದ್ರ ನೋಡಲು ಹೊರಟಿದ್ದಳು. ಹೇಗೆ ಹೋಗುವುದು, ಏನು ಒಯ್ಯುವುದು, ಎಲ್ಲ ನೀನೇ ಹೇಳಬೇಕು ಚಿಗವ್ವ ಎಂದು ಫೋನಿನಲ್ಲಿ ಕೇಳಿದಳು. ನನ್ನನ್ನು ಹಾಗೆ ಕೇಳುವುದೆಂದರೆ ಮಂಗನಿಗೆ ಹೆಂಡ ಕುಡಿಸಿದ ಹಾಗೆ. ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಯಾರಾದರೂ ಪ್ರವಾಸದ ಮಾತು ತೆಗೆದರೆ ಉಳಿದವರು ನನ್ನ ಕಡೆ ನೋಡಿ ನಗುತ್ತಾರೆ. ನನ್ನ ಯಜಮಾನರ ಮಾತು ಬೇರೆಯೇ ಇದೆ. ಇವಳನ್ನು ದಾರಿ ಕೇಳಿದವರಿಗೆ ದಾರಿ ತಿಳಿಯುತ್ತದೆ, ಹೋಗುವ ಹುರುಪು ಮಾತ್ರ ಉಳಿಯುವುದಿಲ್ಲ ಎನ್ನುತ್ತಾರೆ.

ನೀವೂ ಹೊರಟವರಿದ್ದರೆ ಕೇಳಿಬಿಡಿ, ನನ್ನದೇನು ಹೋಗುತ್ತದೆ. ಎಲ್ಲಕ್ಕಿಂತ ಮೊದಲು, ಗೋವಾ ಎಂಬುದು ಒಂದು ಊರಲ್ಲ. ಇದನ್ನು ಗಂಟು ಹಾಕಿಕೊಳ್ಳಿ. ಪಣಜಿ ಒಂದು ಕಡೆ, ಮಡಗಾಂವ ಇನ್ನೊಂದು ಕಡೆ, ನಡುವೆ ಹೊಳೆಗಳು. ನೀವು ಇಳಿದುಕೊಳ್ಳುವ ದಂಡೆಗೆ ಯಾವುದು ಹತ್ತಿರವೋ ಅದಕ್ಕೇ ಟಿಕೆಟ್ ತೆಗೆಸಬೇಕು. ಈಗ ಕೊಪ್ಪಳದಿಂದ ರೈಲಿದೆ, ಸುಖ. ಬಸ್ಸಿಗೆ ಹೋದರೆ ಹುಬ್ಬಳ್ಳಿಯಿಂದ ಎರಡು ದಾರಿ. ರಾಮನಗರದ ಮೇಲೆ ಘಟ್ಟ ಇಳಿದು ಪಣಜಿಗೆ ಹೋಗುವ ಬಸ್ಸು ಬೇರೆ, ಕಾರವಾರದ ಮೇಲೆ ಮಡಗಾಂವಕ್ಕೆ ಹೋಗುವುದು ಬೇರೆ. ಬೋರ್ಡು ಓದಿ, ಕಂಡಕ್ಟರನನ್ನು ಕೇಳಿ, ಪಕ್ಕದಲ್ಲಿ ಕೂತವರನ್ನೂ ಕೇಳಿ. ಘಟ್ಟದಲ್ಲಿ ವಾಂತಿಯಾಗುವವರು ಮುಂದಿನ ಸೀಟು ಹಿಡಿದು ಕೈಯಲ್ಲೊಂದು ನಿಂಬೆಹಣ್ಣು ಇಟ್ಟುಕೊಳ್ಳಲಿ. ಗಡಿಯ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಹತ್ತುತ್ತಾರೆ, ಗುರುತಿನ ಚೀಟಿ ಚೀಲದ ತಳಕ್ಕೆ ಸೇರಿರಬಾರದು. ಬರುವಾಗ ಬಾಟಲಿ ತರಬೇಡಿ ಎಂದು ಗಂಡಸರಿಗೆ ಹೇಳಿ. ಅವರು ಕೇಳುವುದಿಲ್ಲ, ಆದರೂ ಹೇಳಿ. ಸ್ಕೂಟರ್ ಬಾಡಿಗೆಗೆ ಹಿಡಿದರೆ ನಂಬರು ಕರಿ ಹಲಗೆಯ ಮೇಲೆ ಹಳದಿ ಅಕ್ಷರದಲ್ಲಿರಬೇಕು, ಇಲ್ಲವಾದರೆ ತಿರುವಿಗೊಬ್ಬ ಪೊಲೀಸಪ್ಪ ನಿಲ್ಲಿಸುತ್ತಾನೆ. ಕೆಂಪು ಬಾವುಟ ಕಂಡಲ್ಲಿ ನೀರಿಗೆ ಇಳಿಯಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಇಷ್ಟೆಲ್ಲದರ ಮೇಲೆ ಇನ್ನೊಂದು. ಎಲ್ಲಿ ಇಳಿಯುತ್ತೀರಿ, ಯಾರು ಕರೆದುಕೊಳ್ಳಲು ಬರುತ್ತಾರೆ ಎಂಬುದು ಮನೆಯಲ್ಲಿ ಉಳಿದವರಿಗೆ ಗೊತ್ತಿರಲಿ.

ಈ ಕೊನೆಯದನ್ನು ಹೇಳುವಾಗ ನನ್ನ ದನಿ ಏರುತ್ತದಂತೆ. ಏರಲಿ ಬಿಡಿ. ಯಾಕೆ ಏರುತ್ತದೆ ಎಂದು ಹೇಳಬೇಕಾದರೆ ನನ್ನ ಅವ್ವ ಶಾಂತವ್ವನ ಸುದ್ದಿ ಹೇಳಬೇಕು.

ಕುಕನೂರಿಗೆ ಹತ್ತಿರದ ಒಂದು ಹಳ್ಳಿ ನಮ್ಮದು. ಮನೆಯಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ನಿಮ್ಮ ಕಡೆಯೂ ಇದ್ದೀತು. ತಿಳಿಯಲೇಬೇಕೆನ್ನುವವರು ದೂರ ಹೊಂಟ್ರ್ಯಾ ಎಂದು ಗಾಳಿಗೆ ಬಿಟ್ಟಂತೆ ಕೇಳುತ್ತಾರೆ, ಹೊರಟವರು ಹ್ಞೂಂ ಎಂದು ಗಾಳಿಗೇ ಉತ್ತರ ಕೊಡುತ್ತಾರೆ. ಉಳಿದವರು ಇದನ್ನು ಆದಷ್ಟು ಪಾಲಿಸುತ್ತಿದ್ದರು. ಅವ್ವ ಪೂರಾ ಪಾಲಿಸುತ್ತಿದ್ದಳು. ಯಾರಾದರೂ ಬಾಯಿತಪ್ಪಿ ಕೇಳಿದರೋ, ಅವಳು ಅಲ್ಲಿಂದಲೇ ಹೊಳ್ಳಿ ಮನೆಗೆ ಬಂದು, ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಒಂದು ತಂಬಿಗೆ ನೀರು ಕುಡಿದು, ಎಲೆ ಅಡಿಕೆ ಹಾಕಿಕೊಂಡು ಕೂತುಬಿಡುವಳು. ಹೊಸದಾಗಿ ಹೊರಟಂತೆ ಆಗಬೇಕಲ್ಲ, ಅದಕ್ಕೆ. ಸಂತೆಗೆ ಹೊರಟಾಗ ಇದರಿಂದ ಯಾರಿಗೂ ನಷ್ಟವಿರಲಿಲ್ಲ, ಬದನೆಕಾಯಿ ಸ್ವಲ್ಪ ಬಾಡಿದವು ಸಿಗುತ್ತಿದ್ದವು ಅಷ್ಟೆ.

ಇಪ್ಪತ್ತೈದು ವರ್ಷದ ಹಿಂದಿನ ಮಾತು, ಕೊಪ್ಪಳ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ನಮ್ಮ ಸುತ್ತಲಿನ ಹಳ್ಳಿಗಳಿಂದ ಜನ ಗೋವಾಕ್ಕೆ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ಸಮುದ್ರದ ದಂಡೆಯುದ್ದಕ್ಕೂ ಹೋಟೆಲುಗಳು ಏಳುತ್ತಿದ್ದವು, ಅವಕ್ಕೆ ಸೆಂಟ್ರಿಂಗ್ ಕಟ್ಟುವವರು, ಸ್ಲ್ಯಾಬು ಹಾಕುವವರು ಬಹಳ ಮಂದಿ ನಮ್ಮವರೇ. ಅಕ್ಕನ ಗಂಡನೂ, ಅವನನ್ನು ನಾನು ಮಾವ ಅನ್ನುವುದು, ಮದುವೆಯಾದ ವರ್ಷವೇ ಅಕ್ಕನನ್ನು ಕರೆದುಕೊಂಡು ಹೋಗಿದ್ದ. ಅವರಿದ್ದದ್ದು ಮಡಗಾಂವದ ಆಚೆ, ಪ್ರವಾಸಿಗರು ಬರುವ ದಂಡೆಯ ಊರಿನಲ್ಲಿ, ಕಟ್ಟುತ್ತಿರುವ ಹೋಟೆಲಿನ ಹಿಂದಿನ ತಗಡಿನ ಶೆಡ್ಡಿನಲ್ಲಿ. ಇದು ಈಗ ನನಗೆ ಗೊತ್ತು. ಆಗ ನಮ್ಮ ಮನೆಯವರಿಗೆಲ್ಲ ಗೊತ್ತಿದ್ದದ್ದು ಒಂದೇ ಮಾತು, ಅಕಿ ಗೋವಾದಾಗ ಅದಾಳ. ಹಳ್ಳಿಯಲ್ಲಿ ಹೆಸರು ಹೇಳಿದರೆ ಮನೆ ತೋರಿಸುತ್ತಾರೆ. ಗೋವಾದಲ್ಲೂ ಹಾಗೇ ಇರಬೇಕೆಂದು ನಂಬಿದ್ದೆವು. ಶಿಕ್ಷಕರ ತರಬೇತಿ ಮುಗಿಸಿ ನೌಕರಿಯ ದಾರಿ ಕಾಯುತ್ತ ಮನೆಯಲ್ಲಿದ್ದ ನಾನೂ ಹಾಗೇ ನಂಬಿದ್ದೆ. ಭಾರತದ ನಕಾಶೆಯಲ್ಲಿ ಗೋವಾ ಒಂದು ಚುಕ್ಕೆಯಷ್ಟೇ ಇರುತ್ತದೆ, ಚುಕ್ಕೆಯೊಳಗೆ ಎಷ್ಟು ಊರು ಹಿಡಿದಾವು.

ಅಕ್ಕ ಬಸುರಿಯಾದಳು. ಚೊಚ್ಚಲು, ಹೆರಿಗೆ ತವರಿನಲ್ಲೇ ಆಗಬೇಕು. ಅದಕ್ಕೆ ಮೊದಲು ಕುಬಸ ಆಗಬೇಕು. ತವರಿನವರು ಬುತ್ತಿ ಹೊತ್ತುಕೊಂಡು ಹೋಗಿ, ಮಗಳಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಣಿಸಿ, ಕರೆದುಕೊಂಡು ಬರುವುದು ಕುಬಸ. ಎಂಟನೆಯ ತಿಂಗಳಲ್ಲಿ ಬಸುರಿಯನ್ನು ಪ್ರಯಾಣ ಮಾಡಿಸುವುದಿಲ್ಲ, ಆದ್ದರಿಂದ ಏಳು ಮುಗಿಯುವುದರೊಳಗೆ ತರಬೇಕು ಎಂದು ಅವ್ವ ಒಳಗೊಳಗೇ ತಳಮಳಿಸುತ್ತಿದ್ದಳು. ಅಪ್ಪ ಜೋಳದ ಸುಗ್ಗಿ ಬಿಟ್ಟು ಬರುವ ಹಾಗಿರಲಿಲ್ಲ. ಅವ್ವನ ಜೊತೆ ನಾನು ಹೋಗುವುದೆಂದಾಯಿತು, ಬೋರ್ಡು ಓದುವುದಕ್ಕೆ. ಗೋವಾದಿಂದ ಊರಿಗೆ ಬಂದ ಒಬ್ಬ ಕೆಲಸಗಾರನ ಕೈಯಲ್ಲಿ ಮಾವ ಹೇಳಿಕಳಿಸಿದ್ದ. ಯಲಬುರ್ಗಿಯಿಂದ ಸಂಜೆ ಬಿಡುವ ನೇರ ಬಸ್ಸಿದೆ, ಕುಕನೂರಿನಲ್ಲಿ ಹತ್ತಿ. "ಕಡೀಕ ಎಲ್ಲಿ ನಿಂದರತೈತಿ, ಅಲ್ಲಿ ಇಳೀರಿ. ಮುಂಜಾನಿ ನಾವು ಅಲ್ಲೇ ಇರ್ತೀವಿ." ಎಷ್ಟು ಸುಲಭ ನೋಡಿ. ಊರಿನ ಹೆಸರು ಕೇಳುವ ಕೆಲಸವೇ ಇಲ್ಲ.

ಆ ಬುತ್ತಿಯನ್ನು ನೀವು ನೋಡಬೇಕಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಕ್ ಜೋಳದ ರೊಟ್ಟಿ, ಕರಿದ ಕಡುಬು, ಹೋಳಿಗೆ, ಶೇಂಗಾದ ಹಿಂಡಿ, ಗುರೆಳ್ಳು ಹಿಂಡಿ ಎಂಬ ಖಾರದ ಪುಡಿಗಳು, ಸಿಹಿ ಮಾದಲಿ. ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ಬಡಿದುಕೊಟ್ಟ ರೊಟ್ಟಿ. ದೊಡ್ಡ ಬಿದಿರು ಬುಟ್ಟಿಗೆ ಎಲ್ಲವನ್ನೂ ಜೋಡಿಸಿ, ಬಿಳಿ ಅರಿವೆ ಬಿಗಿದು, ಅವ್ವ ತಲೆಯ ಮೇಲೆ ಇಟ್ಟುಕೊಂಡಳು. ಹೊಸ್ತಿಲು ದಾಟಿ, ಓಣಿ ದಾಟಿ, ಇನ್ನೇನು ಕುಕನೂರಿನ ದಾರಿ ಹಿಡಿಯಬೇಕು, ಹೊಲದಿಂದ ಬರುತ್ತಿದ್ದ ಪಕ್ಕದ ಮನೆಯ ಹನುಮವ್ವ ಎದುರಾದಳು. ತವರಿಗೆ ಹೋಗಿ ಅಂದೇ ಮುಂಜಾನೆ ಮರಳಿ ನೇರ ಹೊಲಕ್ಕೆ ಹೋದವಳು, ನಮ್ಮ ಮನೆಯ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಪ್ರೀತಿಯ ಹೆಂಗಸು. ಬುಟ್ಟಿ ನೋಡಿ ಮುಖ ಅರಳಿಸಿದಳು.

"ಎಲ್ಲಿಗಿ ಹೊಂಟ್ಯಬೇ ಯಕ್ಕಾ, ಇಷ್ಟೊಂದು ಬುತ್ತಿ ಕಟಗೊಂಡು?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಅವ್ವ ಹೊಳ್ಳಿಯಾಗಿತ್ತು. ಬಸ್ಸು ತಪ್ಪುತ್ತದೆ ಎಂದು ನಾನು ಬೇಡಿಕೊಂಡೆ, ಕಾಲು ನೆಲಕ್ಕೆ ಬಡಿದೆ. ಅವ್ವ ಬುಟ್ಟಿ ಇಳಿಸಿ, ನೀರು ಕುಡಿದು, ಎಲೆಗೆ ಸುಣ್ಣ ಸವರುತ್ತ ಕೂತಳು. ಬೇರೆ ಕೆಲಸವಾಗಿದ್ದರೆ ಹೋಗಲಿ ಎನ್ನುತ್ತಿದ್ದೆ, ಇದು ಹೊಟ್ಟೆಯೊಳಗಿನ ಕೂಸಿನ ಕೆಲಸ, ಇದಕ್ಕೆ ಅಪಶಕುನ ಆಗಬಾರದು ಎಂದಳು. ಹೆದರಿಕೆಯಿಂದಲೇ ಕೂತಿದ್ದಳು, ಹಟದಿಂದಲ್ಲ. ಅದು ಆಗಲೂ ನನಗೆ ತಿಳಿಯುತ್ತಿತ್ತು. ನಾವು ಕುಕನೂರು ಮುಟ್ಟಿದಾಗ ಗೋವಾದ ಬಸ್ಸು ಹೋಗಿತ್ತು.

ಸಿಕ್ಕ ಬಸ್ಸು ಹತ್ತಿ ಗದಗಿಗೆ ಹೋದೆವು, ಅಲ್ಲಿಂದ ಹುಬ್ಬಳ್ಳಿಗೆ. ಉಳಿದ ರಾತ್ರಿ ಹುಬ್ಬಳ್ಳಿಯ ನಿಲ್ದಾಣದ ಕಟ್ಟೆಯ ಮೇಲೆ ಬುಟ್ಟಿಗೆ ಒರಗಿ ಕಳೆಯಿತು. ಬೆಳಕು ಹರಿಯುವ ಹೊತ್ತಿಗೆ ಒಬ್ಬ ಕಂಡಕ್ಟರ್ ಗೋವಾ ಗೋವಾ ಎಂದು ಕೂಗಿದ. ಬೋರ್ಡಿನಲ್ಲಿ ಪಣಜಿ ಎಂದಿತ್ತು, ಓದಿದೆ. ಗೋವಾಕ್ಕೆ ಹೋಗತೈತೇನ್ರಿ ಎಂದು ಕೇಳಿದೆ. ಹ್ಞೂಂ ಹತ್ರಿ ಎಂದ. ಬೋರ್ಡೂ ಸುಳ್ಳು ಹೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಬಸ್ಸು ಕಡೀಕ ಎಲ್ಲಿ ನಿಂದರತೈತಿ ಅಲ್ಲಿ ಮಗಳು ಇರುತ್ತಾಳೆ ಎಂದು ಅವ್ವ ನಿಶ್ಚಿಂತೆಯಿಂದ ಕಿಟಕಿಯ ಬದಿ ಹಿಡಿದಳು.

ಘಟ್ಟದ ಕೆಳಗಿನ ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಒಬ್ಬೊಬ್ಬರ ಗಂಟು ನೋಡುತ್ತ ಬಂದರು. ಅಷ್ಟು ದೊಡ್ಡ ಬುಟ್ಟಿ ಅವರ ಕಣ್ಣಿಗೆ ಬೀಳದೆ ಇದ್ದೀತೇ. ಇಳಿಸಿರಿ ಎಂದರು. ಅವ್ವ ಬುಟ್ಟಿಯನ್ನು ಅವುಚಿಕೊಂಡು ಬಿಡಲೊಲ್ಲಳು. ಕುಬಸದ ಬುತ್ತಿಯನ್ನು ಬಸುರಿಯ ಮುಂದೆಯೇ ಬಿಚ್ಚಬೇಕು, ಕಂಡಕಂಡವರು ಮುಟ್ಟಬಾರದು. ಇದನ್ನು ಹಿಂದಿಯಲ್ಲಿ ಹೇಗೆ ಹೇಳುವುದೆಂದು ನನಗೆ ಬರಲಿಲ್ಲ. ಕೊನೆಗೆ ಪೊಲೀಸನೇ ಅರಿವೆ ಸರಿಸಿದ. ಮೇಲೆಯೇ ಗುರೆಳ್ಳಿನ ಕರಿ ಪುಡಿ, ಗಂಟು ಕಟ್ಟಿದ್ದು. ಅವನು ಹುಬ್ಬು ಗಂಟಿಕ್ಕಿ, ಬಿಚ್ಚಿ, ಮೂಸಿದ. ಖಾರ ಏರಿ ಸೀನತೊಡಗಿದವನು ನಿಲ್ಲಲೇ ಇಲ್ಲ. ಇಡೀ ಬಸ್ಸು ನಕ್ಕಿತು. ಅವ್ವ ನಗಲಿಲ್ಲ, ಅರಿವೆಯನ್ನು ಮತ್ತೆ ಬಿಗಿದು ಎರಡು ಗಂಟು ಹಾಕಿದಳು.

ಪಣಜಿಯಲ್ಲಿ ಇಳಿದೆವು. ಬಿಸಿಲು ಏರಿತ್ತು. ಅಕ್ಕ ಇಲ್ಲ, ಮಾವ ಇಲ್ಲ. ಇಡೀ ನಿಲ್ದಾಣ ಸುತ್ತಿದೆ. ಅವ್ವ ಬುಟ್ಟಿಯ ಪಕ್ಕದಲ್ಲಿ ನಿಂತು ಹೋಗುವ ಬರುವ ಹೆಣ್ಣುಮಕ್ಕಳ ಮುಖವನ್ನೆಲ್ಲ ನೋಡುತ್ತಿದ್ದಳು. ಮಾವನ ಹೆಸರು ಹೇಳಿ ಅಂಗಡಿಯವರನ್ನು ಕೇಳಿದೆ. ಒಬ್ಬ ನಕ್ಕ, ಒಬ್ಬ ಕೊಂಕಣಿಯಲ್ಲಿ ಏನೋ ಅಂದ. ಫೋನು ಮಾಡೋಣವೆಂದರೆ ಯಾರಿಗೆ. ತಗಡಿನ ಶೆಡ್ಡಿಗೆ ಫೋನು ಎಲ್ಲಿಂದ ಬರಬೇಕು. ಹೊಳ್ಳಿ ಹೋಗೋಣವೆಂದರೆ ಅಕ್ಕನ ಏಳನೆಯ ತಿಂಗಳು ಮುಗಿಯುತ್ತ ಬಂದಿತ್ತು. ನನಗೆ ಅಳು ಬಂತು, ಅವ್ವನ ಮುಂದೆ ಅಳಬಾರದೆಂದು ಗೋಡೆಯ ಮೇಲಿನ ಕೊಂಕಣಿ ಜಾಹೀರಾತನ್ನು ಓದುತ್ತಿರುವಂತೆ ನಿಂತೆ.

ಆಗ ಬೆನ್ನ ಹಿಂದೆ ನಮ್ಮ ಭಾಷೆ ಕೇಳಿಸಿತು. ಕೊರಳತುಂಬ, ಕೈತುಂಬ ಮಣಿಸರ ಹೊತ್ತ ಲಂಬಾಣಿ ಹೆಂಗಸು. ಕುಷ್ಟಗಿಯ ಕಡೆಯ ತಾಂಡಾದವಳು, ದಂಡೆಯ ಮೇಲೆ ಸರ ಮಾರುವವಳು.

"ಎಲ್ಲಿಗಿ ಹೋಗಬೇಕಬೇ ಯವ್ವಾ ನೀವು?"

ನಾನು ಅವ್ವನ ಮುಖ ನೋಡಿದೆ. ಮನೆಯಲ್ಲಾಗಿದ್ದರೆ ಹೊಳ್ಳಿ ಹೋಗಿ ನೀರು ಕುಡಿಯಬೇಕಾದ ಪ್ರಶ್ನೆ. ಅವ್ವ ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು. "ನನ್ನ ಮಗಳ ಕಡೆ ಹೋಗಬೇಕವ್ವಾ. ಅಕಿ ಎಲ್ಲಿ ಅದಾಳ ಅಂಬೋದ ಗೊತ್ತಿಲ್ಲ."

ಯಾವ ಬಸ್ಸಿಗೆ ಬರಲು ಹೇಳಿದ್ದರು ಎಂದು ಅವಳು ಕೇಳಿದಳು. ಯಲಬುರ್ಗಿಯ ಸಂಜೆ ಬಸ್ಸು ಎಂದೆವು. ಊರಿಗೆ ಹೋಗಿ ಬರುವಾಗ ತಾನು ಹತ್ತುವುದೂ ಅದೇ, ಅದು ನಿಲ್ಲುವುದು ಮಡಗಾಂವದಲ್ಲಿ, ಇದು ಪಣಜಿ ಎಂದು ಹೇಳಿ ನಮ್ಮನ್ನು ಮಡಗಾಂವದ ಬಸ್ಸಿಗೆ ಹತ್ತಿಸಿದಳು. ಬುಟ್ಟಿಯನ್ನೂ ಅವಳೇ ಎತ್ತಿಕೊಟ್ಟಳು.

ಮಡಗಾಂವದಲ್ಲೂ ಅಕ್ಕ ಇರಲಿಲ್ಲ. ಇಳಿದು ಬುಟ್ಟಿ ಕೆಳಗಿಡುವಷ್ಟರಲ್ಲಿ ಪಾನಪಟ್ಟಿಯ ಅಂಗಡಿಯವನು ಓಡಿಬಂದ, ನಮ್ಮ ಕಡೆಯವನೇ. ಬುತ್ತಿಯ ಬುಟ್ಟಿ ಹೊತ್ತ ಇಬ್ಬರು ಹೆಣ್ಣುಮಕ್ಕಳು ಬಂದರೆ ದವಾಖಾನೆಗೆ ಕಳಿಸೆಂದು ಮಾವ ಅವನಿಗೆ ಹೇಳಿಹೋಗಿದ್ದ. ಅಕ್ಕ ಮುಂಜಾನೆಯಿಂದ ನಿಲ್ದಾಣದಲ್ಲೇ ಕೂತಿದ್ದಳಂತೆ. ನೇರ ಬಸ್ಸಿನಲ್ಲಿ ನಾವಿಲ್ಲದ್ದು ಕಂಡು ಮಾವ ಶೆಡ್ಡಿಗೆ ನಡೆ ಎಂದರೆ, ಅವ್ವ ಹಿಂದಿನ ಬಸ್ಸಿಗೆ ಬರುತ್ತಾಳೆ ಎಂದು ಏಳಲಿಲ್ಲವಂತೆ. ಹುಬ್ಬಳ್ಳಿ ಕಡೆಯ ಪ್ರತಿ ಬಸ್ಸಿಗೂ ಎದ್ದು ಹೋಗಿ, ಕಿಟಕಿ ಕಿಟಕಿ ನೋಡಿ, ಮತ್ತೆ ಬಂದು ಕೂರುತ್ತಿದ್ದಳಂತೆ. ಮಧ್ಯಾಹ್ನ ಬೇನೆ ಹತ್ತಿತು. ಮಾವ ರಿಕ್ಷಾದಲ್ಲಿ ಹಾಕಿಕೊಂಡು ಸರ್ಕಾರಿ ದವಾಖಾನೆಗೆ ಓಡಿದ.

ದವಾಖಾನೆಯ ಬಾಗಿಲಲ್ಲಿ ಕಾವಲಿನವನು ಅಷ್ಟು ದೊಡ್ಡ ಬುಟ್ಟಿ ಒಳಗೆ ಬಿಡುವುದಿಲ್ಲವೆಂದ. ಚೆಕ್‌ಪೋಸ್ಟಿನಲ್ಲಿ ಪೊಲೀಸನಿಗೂ ಬಿಟ್ಟುಕೊಡದ ಬುಟ್ಟಿಯನ್ನು ಅವ್ವ ಅವನ ಕಾಲ ಬಳಿ ಇಟ್ಟು, ಹಿಂದೆ ನೋಡದೆ ನಡೆದಳು.

ಕೂಸು ಹುಟ್ಟಿತ್ತು. ಕೂಸೆನ್ನಲು ಬಾಯಿ ಬರುತ್ತಿರಲಿಲ್ಲ, ಅಷ್ಟು ಸಣ್ಣದು. ದೀಪ ಹಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಗಾಜಿನಾಚೆಯಿಂದ ನೋಡಲಷ್ಟೇ ಅಪ್ಪಣೆ. ಅಕ್ಕ ಹಾಸಿಗೆಯ ಮೇಲೆ ಬೆಳ್ಳಗಾಗಿ ಬಿದ್ದಿದ್ದಳು. ಅವ್ವ ಹಣೆ ಮುಟ್ಟಿದಾಗ ಕಣ್ಣು ತೆರೆದಳು.

"ಯಾಕ ತಡಾ ಮಾಡಿದ್ಯವ್ವಾ?"

ಸಿಟ್ಟಿನ ಮಾತಲ್ಲ ಅದು. ಕಾದು ಕಾದು ಸೋತವಳ ಮಾತು. ಅವ್ವ ನನ್ನ ಕಡೆ ಒಮ್ಮೆ ನೋಡಿದಳು. ಅಂಥ ನೋಟವನ್ನು ಅವಳ ಕಣ್ಣಲ್ಲಿ ನಾನು ಮತ್ತೆಂದೂ ಕಾಣಲಿಲ್ಲ, ಕಾಣುವುದೂ ಬೇಡವಾಗಿತ್ತು.

"ಬಸ್ ಕೆಟ್ಟಿತ್ತವ್ವಾ" ಎಂದಳು.

ನಾನು ಸುಮ್ಮನೆ ನಿಂತೆ. ಇನ್ನೇನು ಮಾಡಬೇಕಿತ್ತು ಹೇಳಿ. ಹೀಗೆ ಮುಂಚೆ ಹೆರಿಗೆಯಾಗುವುದಕ್ಕೆ ಬಿಸಿಲು, ಬಸ್‌ಸ್ಟ್ಯಾಂಡು ಕಾರಣವಲ್ಲ, ಯಾರದೂ ತಪ್ಪಿಲ್ಲ, ಕೆಲವರಿಗೆ ಆಗುತ್ತದೆ ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಹೇಳಿದ್ದನ್ನು ಅವ್ವನಿಗೆ ಕನ್ನಡದಲ್ಲಿ ತಿರುತಿರುಗಿ ಹೇಳಿದೆ. ತಲೆಯಾಡಿಸಿದಳು. ಕಿವಿಯೊಳಗೆ ಹೋಗಲಿಲ್ಲ. ಕೂಸು ಬದುಕುತ್ತದೋ ಇಲ್ಲವೋ ಎಂಬ ಆ ದಿನಗಳಲ್ಲಿ ಅವಳು ಗಾಜಿಗೆ ಹಣೆ ಹಚ್ಚಿ ನಿಂತೇ ಇರುತ್ತಿದ್ದಳು. ನರ್ಸುಗಳು ಬೈದು ಕೂರಿಸಿದರೆ ಕೂರುವಳು, ಅವರು ಆಚೆ ಹೋದರೆ ಏಳುವಳು. ನಿದ್ದೆ ಎಂಬುದು ಅವಳಿಗೆ ಇರಲೇ ಇಲ್ಲ. ಕಾವಲಿನವನು ಬುಟ್ಟಿಯನ್ನು ಇರುವೆ ಹತ್ತದಂತೆ ಜೋಪಾನ ಮಾಡಿದ್ದ. ಕುಬಸವಾಗದ ಮೇಲೆ ಆ ಬುತ್ತಿಗೆ ನೇಮ ಎಲ್ಲಿಯದು. ಅವನಿಗೂ, ವಾರ್ಡಿನ ಬಾಣಂತಿಯರ ಮನೆಯವರಿಗೂ ನಾನೇ ಹಂಚಿದೆ. ಸಜ್ಜೆ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಅವರು ಕುರುಕುರು ತಿಂದರು.

ಕೂಸು ಉಳಿಯಿತು. ನಿಧಾನವಾಗಿ ಮುಖ ತುಂಬಿತು. ಕುಬಸಕ್ಕೆಂದು ಒಯ್ದಿದ್ದ ಹಸಿರು ಸೀರೆಯಲ್ಲೇ ಅದನ್ನು ಸುತ್ತಿ ಊರಿಗೆ ತಂದೆವು, ಈ ಸಲ ನೇರ ಬಸ್ಸಿಗೇ. ಅಷ್ಟು ದಿನ ಗೋವಾದಲ್ಲಿದ್ದು ಸಮುದ್ರ ನೋಡದೆ ಬಂದವರು ನಾನೂ ಅವ್ವನೂ ಇಬ್ಬರೇ ಇರಬೇಕು. ನಾನು ಮುಂದೆ ಶಾಲೆಯ ಮಕ್ಕಳೊಂದಿಗೆ ಹೋಗಿ ನೋಡಿದೆ. ನೋಡಿದ್ದೇನು ಬಂತು, ಮಕ್ಕಳ ತಲೆ ಎಣಿಸುವುದರಲ್ಲೇ ಹೊತ್ತು ಹೋಯಿತು.

ಊರಿಗೆ ಬಂದ ಮೇಲೆ ಅವ್ವ ಬದಲಾದಳು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದೆಂದು ಊರಿಗೆಲ್ಲ ಪಾಠ ಹೇಳುತ್ತಿದ್ದವಳು, ಕಟ್ಟೆಯ ಮೇಲೆ ಕೂತು, ಹೊರಟವರನ್ನೆಲ್ಲ ಕರೆದು ಕೇಳತೊಡಗಿದಳು. ಎಲ್ಲಿಗಿ ಹೊಂಟಿ, ಯಾವ ಬಸ್ಸಿಗಿ, ಎಲ್ಲಿ ಇಳೀತಿ, ಕರಿಯಾಕ ಯಾರ ಬರ್ತಾರ. ಜನ ಬೆಚ್ಚಿದರು. ಮಗಳ ಹೆರಿಗೆಯ ಸಂಕಟದಲ್ಲಿ ಶಾಂತವ್ವನ ತಲೆಗೆ ಏನೋ ಆಗಿದೆ ಎಂದರು. ಒಮ್ಮೆ ಕನ್ಯೆ ನೋಡಲು ಹೊರಟವರ ಟೆಂಪೊ ನಿಲ್ಲಿಸಿ ಕೇಳಿದಳು. ಆ ಸಂಬಂಧ ಕೂಡಲಿಲ್ಲ, ಹುಡುಗನ ತಾಯಿ ನಮ್ಮ ಮನೆಯ ಮುಂದೆ ನಿಂತು ಶಾಪ ಹಾಕಿದಳು. ಅಂದಿನಿಂದ ಶುಭಕಾರ್ಯಕ್ಕೆ ಹೊರಟವರು ಹಿತ್ತಲ ದಾರಿ ಹಿಡಿದರು. ನನಗೆ ನಾಚಿಕೆಯೆನಿಸುತ್ತಿತ್ತು, ಅಪ್ಪ ಬೈದು ಬೇಸತ್ತ. ಅವ್ವ ಮಾತ್ರ ಬಿಡಲಿಲ್ಲ. ದುಡಿಯಲು ದಂಡೆಯ ಕಡೆಗೆ ಮೊದಲ ಸಲ ಹೊರಟ ಹೆಣ್ಣುಮಕ್ಕಳು ಕ್ರಮೇಣ ತಾವಾಗಿಯೇ ಬರತೊಡಗಿದರು. ಗೋವಾ ಅಂದ್ರ ಒಂದೂರಲ್ಲ ಎಂದು ಅವ್ವ ಶುರುಮಾಡಿದರೆ, ಅವರು ತಲೆಬಾಗಿಲಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ನನ್ನ ಈ ವಿದ್ಯೆಯೆಲ್ಲ ಅಲ್ಲಿ ಕಲಿತದ್ದು.

ಕರೋನಾದ ವರ್ಷ ಗಡಿ ಮುಚ್ಚಿದಾಗ ಅವ್ವ ನನ್ನ ಜೊತೆಗೇ ಇದ್ದಳು, ಕಣ್ಣು ಮಂಜಾಗಿತ್ತು. ಗೋವಾದಲ್ಲಿ ಸಿಕ್ಕಿಬಿದ್ದವರು ನನ್ನ ಫೋನಿಗೆ ಕರೆ ಮಾಡುತ್ತಿದ್ದರು. ಪಾಸು ಹೇಗೆ ತೆಗೆಸುವುದು, ಯಾವ ಚೆಕ್‌ಪೋಸ್ಟಿನಲ್ಲಿ ಬಿಡುತ್ತಾರೆ ಎಂದು ನಾನು ಓದಿ ಓದಿ ಹೇಳುತ್ತಿದ್ದೆ. ಅವ್ವ ಪಕ್ಕದಲ್ಲಿ ಕೂತು, ಅವರು ಊಟ ಮಾಡಿದ್ದಾರೋ ಕೇಳು ಎನ್ನುತ್ತಿದ್ದಳು. ಅದಾಗಿ ಕೆಲವು ದಿನಕ್ಕೆ ತೀರಿಕೊಂಡಳು. ಬಸ್ಸು ಕೆಟ್ಟಿರಲಿಲ್ಲ ಎಂಬುದನ್ನು ಅಕ್ಕನಿಗೆ ಹೇಳದೆಯೇ ಹೋದಳು. ನಾನೂ ಹೇಳಲಿಲ್ಲ. ಅಕ್ಕನ ಮುಂದೆ ಹಳೆಯ ಮಾತು ಬಂದಾಗಲೆಲ್ಲ ಎಲ್ಲಿ ಬಾಯಿ ಜಾರಿಬಿಡುತ್ತೇನೋ, ಸತ್ತವಳ ಮೇಲೆ ಅಕ್ಕನಿಗೆ ಕಹಿ ಹುಟ್ಟಿಬಿಡುತ್ತದೋ ಎಂದು ಹೆದರುತ್ತಲೇ ಇದ್ದೆ. ಹೀಗೆ ಹೆದರುವುದು ನನ್ನ ಮೈಗೆ ಹತ್ತಿಹೋಗಿದೆ.

ಆ ಕೂಸೇ ಸುಮಾ. ಅವಳಿಗೆ ಬುತ್ತಿ ಕಟ್ಟಲೆಂದೇ ಗುರೆಳ್ಳು ಹುರಿದದ್ದು.

ಅಕ್ಕ ಮತ್ತು ಮಾವ ಈಗ ಕುಷ್ಟಗಿಯ ಹೊರಗೆ ಒಂದು ದಾಳಿಂಬೆ ತೋಟ ನೋಡಿಕೊಂಡು ಅಲ್ಲೇ ಇದ್ದಾರೆ. ಸುಮಾ ಅವರಿಗೆ ಹೇಳಿ ಹೋಗಲೆಂದು ಬಂದಿದ್ದಳು. ಕುಷ್ಟಗಿಯಿಂದ ಬಸ್ಸಿಗೆ ಕೊಪ್ಪಳ, ಅಲ್ಲಿ ಗೆಳತಿಯರು ಸೇರಿಕೊಂಡು ರೈಲು. ಬಸ್‌ಸ್ಟ್ಯಾಂಡಿನಲ್ಲಿ ನಾನು ಅವಳಿಗೆ ಉಸಿರಾಡಲು ಬಿಡಲಿಲ್ಲ. ಇಳಿಯುವ ಸ್ಟೇಶನ್ನು, ಹೋಟೆಲಿನ ಹೆಸರು, ಗುರುತಿನ ಚೀಟಿ, ಕೆಂಪು ಬಾವುಟ. ಎಲ್ಲಕ್ಕೂ ಹ್ಞೂಂ ಹ್ಞೂಂ ಎಂದಳು. ಮಾವ, ನೀನು ಇಳಿದುಕೊಳ್ಳುವ ಓಣಿಯ ಹೋಟೆಲುಗಳಿಗೆಲ್ಲ ಸ್ಲ್ಯಾಬು ಹಾಕಿದವನು ನಾನು, ಮಳೆ ಬಂದರೂ ಸೋರುವುದಿಲ್ಲ, ಆರಾಮ ಮಲಗು ಎಂದು ನಗಿಸಿ, ತೋಟಕ್ಕೆ ನೀರು ಬಿಡುವುದಿದೆಯೆಂದು ಹೋದ. ಅಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಬಸ್ಸು ಹೊರಟಾಗ ಕೈ ಬಿಟ್ಟಳು, ಅಷ್ಟೆ.

ಚಹಾದ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತೆವು. ನನಗೆ ತಡೆಯಲಿಲ್ಲ. ಮಗಳು ಅಷ್ಟು ದೂರ ಹೊರಟರೆ ಏನೂ ಕೇಳಲಿಲ್ಲವಲ್ಲ, ಅವ್ವ ಇದ್ದಿದ್ದರೆ ಬಸ್ಸಿನ ಮುಂದೆ ನಿಂತು ಕೇಳುತ್ತಿದ್ದಳು ಎಂದೆ.

ಅಕ್ಕ ಚಹಾ ಊದುತ್ತ, "ಅವ್ವ ಯಾಕ ಕೇಳತಿದ್ಲು ಅಂಬೋದು ನನಗ ಗೊತ್ತೈತಿ" ಎಂದಳು.

ಏನು ಗೊತ್ತು ಎಂದೆ. ಅವಳು ತೋಟದ ಸುದ್ದಿ ಹೇಳುವಷ್ಟೇ ಸಲೀಸಾಗಿ ಹೇಳುತ್ತ ಹೋದಳು. ಕೂಸನ್ನು ಊರಿಗೆ ತಂದ ದಿನ ಅವ್ವ ನೀರಿಗೆ ಹೋದದ್ದನ್ನು ನೋಡಿಕೊಂಡು ಹನುಮವ್ವ ಬಂದಿದ್ದಳಂತೆ. ಬಾಣಂತಿಯ ಕಾಲು ಹಿಡಿದು, ನಾನು ಎಲ್ಲಿಗೆಂದು ಕೇಳಬಾರದಿತ್ತು, ಕೇಳಿದ್ದಕ್ಕೆ ನಿಮ್ಮವ್ವ ಹೊಳ್ಳಿ ಹೋಗಿ ಕೂತಳು, ಬಸ್ಸು ತಪ್ಪಿತು, ಎಲ್ಲ ನನ್ನಿಂದ ಎಂದು ಅತ್ತಳಂತೆ. ಅಂದರೆ ಮೊದಲ ದಿನದಿಂದ ಅಕ್ಕನಿಗೆ ಗೊತ್ತಿತ್ತು. ನಾನು ಇಷ್ಟು ವರ್ಷ ಬೆವರುತ್ತ ಕಾದದ್ದು ತೆರೆದೇ ಇದ್ದ ಬಾಗಿಲನ್ನು.

ಮತ್ತೆ ಅವ್ವನಿಗೆ ಯಾಕೆ ಹೇಳಲಿಲ್ಲ, ಹೇಳಿದ್ದರೆ ಅವಳಿಗೂ ಹಗುರಾಗುತ್ತಿತ್ತಲ್ಲ ಎಂದು ಕೇಳಿದೆ.

"ಹೇಳಿದ್ರ ನನ್ನ ಮುಂದ ಕುಂತು ಅಳತಿದ್ಲು. ಸಾಯೋ ತನಕ ಅಳತಿದ್ಲು. ಅಳೋ ಅವ್ವಗಿಂತ ಕೇಳೋ ಅವ್ವ ಛಲೋ ಇದ್ಲು ನೋಡು."

ಅವ್ವನನ್ನು ಕಾಯುತ್ತಿರುವವಳು ನಾನೊಬ್ಬಳೇ ಎಂದುಕೊಂಡಿದ್ದೆ, ಅದರ ಮೇಲೆ ಒಂದಿಷ್ಟು ಜಂಬವೂ ಇತ್ತು. ನಾನು ಅಕ್ಕನಿಂದ ಅವ್ವನನ್ನು ಕಾಯುತ್ತಿದ್ದಾಗ ಅಕ್ಕ ಅವ್ವನನ್ನು ಅವ್ವನಿಂದಲೇ ಕಾದಿದ್ದಳು. ಕಣ್ಣೊರೆಸಿಕೊಂಡು, ಹಾಗಾದರೆ ನೀನು ಯಾಕೆ ಯಾರನ್ನೂ ಕೇಳುವುದಿಲ್ಲ, ಹಳೆಯ ನೇಮ ಹಿಡಿದಿದ್ದೀಯಾ ಎಂದೆ.

ಅಕ್ಕ ಖಾಲಿ ಲೋಟವನ್ನು ಬೆಂಚಿನ ಮೇಲಿಟ್ಟಳು. "ನೇಮ ಏನೂ ಇಲ್ಲ. ಸುಮಾ ಹೊಂಟಾಗ ಬಾಯಿ ತೆಗದ್ರ, ಹೋಗಬ್ಯಾಡ ಅಂತ ಬರತೈತಿ. ಅದಕ್ಕ ತೆಗಿಯೂದಿಲ್ಲ."

ಮನೆಗೆ ಬಂದು ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದಾಗ ನನ್ನ ಫೋನು ರಿಂಗಾಯಿತು. ಸುಮಾ. ಕೊಪ್ಪಳದಲ್ಲಿ ರೈಲು ಹತ್ತಿ ಕೂತಿದ್ದಳು. ಘಟ್ಟದಲ್ಲಿ ಜಲಪಾತ ಕಾಣಬೇಕಾದರೆ ಯಾವ ಕಡೆಯ ಕಿಟಕಿ ಹಿಡಿಯಬೇಕು ಚಿಗವ್ವ ಎಂದಳು. ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು, ಅದರ ಹಿಂದೆ ಇನ್ನೂ ನಾಲ್ಕಾರು ಎಚ್ಚರಿಕೆ ಸಾಲಾಗಿ ನಿಂತಿದ್ದವು. ಫೋನನ್ನು ಅಕ್ಕನ ಕೈಗೆ ಕೊಟ್ಟೆ.

ಅಕ್ಕ ಅದನ್ನು ಕಿವಿಗೆ ಹಿಡಿದಳು. ಆ ಕಡೆಯಿಂದ ಹಲೋ ಹಲೋ ಎಂಬುದು ನನಗೂ ಕೇಳಿಸುತ್ತಿತ್ತು. ಅವಳು ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಹೋಗಿ ಬಾರವ್ವಾ" ಎಂದಳು.